ತ್ರಿಲೋಚನನಿಗೆ ಒಂದು ಅಂಕ

‘ತ್ರಿಲೋಚನ’ ಎಂಬ ಪದದಲ್ಲಿ ಯಾವ ಸಮಾಸವಿದೆ? ಒಂದು ಅಂಕದ ಈ ಪ್ರಶ್ನೆಗೆ ಬನಹಟ್ಟಿಯ ಆ ಹೈಸ್ಕೂಲಿನ ಹತ್ತನೇ ತರಗತಿಯ ನಲವತ್ತಮೂರು ಮಕ್ಕಳಲ್ಲಿ ನಲವತ್ತೆರಡು ಮಂದಿ ದ್ವಿಗು ಎಂದು ಬರೆದಿದ್ದರು. ಗಂಗಾಂಬಿಕಾ ಒಬ್ಬಳು ಬಹುವ್ರೀಹಿ ಎಂದು ಬರೆದಿದ್ದಳು. ಹಿಂದಿ ಶಿಕ್ಷಕಿ ಕುಮುದಿನಿ ಪಕ್ಕದಲ್ಲಿಟ್ಟುಕೊಂಡಿದ್ದ ಉತ್ತರಸೂಚಿಯನ್ನು ನೋಡಿದರು. ದ್ವಿಗು ಎಂದಿತ್ತು. ಕೆಂಪು ಪೆನ್ನಿನಿಂದ ತಪ್ಪು ಗುರುತು ಹಾಕಿ ಪುಟ ತಿರುವಿದರು. ಉಳಿದ ಎಪ್ಪತ್ತೊಂಬತ್ತು ಅಂಕಗಳಲ್ಲಿ ಆ ಹುಡುಗಿ ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ.

ಅದು ಬೋರ್ಡಿನ ಪರೀಕ್ಷೆಯಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲ್ಲೂಕುಗಳ ಹಿಂದಿ ಶಿಕ್ಷಕರು ತಮ್ಮ ತಮ್ಮಲ್ಲೇ ಒಂದು ಬಳಗ ಕಟ್ಟಿಕೊಂಡು, ಪ್ರತಿ ಜನವರಿಯಲ್ಲಿ ಮಕ್ಕಳ ತಯಾರಿಗೆಂದು ನಡೆಸುತ್ತಿದ್ದ ಪರೀಕ್ಷೆ. ಪ್ರಶ್ನೆಪತ್ರಿಕೆಯನ್ನು ಒಬ್ಬರು ಬರೆಯುತ್ತಿದ್ದರು, ಉತ್ತರಸೂಚಿಯನ್ನೂ ಅವರೇ ಕಳಿಸುತ್ತಿದ್ದರು. ಈ ಸಲದ ಸರದಿ ಮುಧೋಳದ ಗೌರೀಶನದು.

ಕುಮುದಿನಿಯವರಿಗೆ ಐವತ್ತನಾಲ್ಕು ವರ್ಷ. ಮೊದಲ ಹನ್ನೊಂದು ವರ್ಷ ಬೀಳಗಿಯಲ್ಲಿ ಕಲಿಸಿ, ಆಮೇಲೆ ಹದಿನೆಂಟು ವರ್ಷದಿಂದ ಬನಹಟ್ಟಿಯಲ್ಲಿದ್ದರು. ಮನೆ ಜಮಖಂಡಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅವರ ತರಗತಿಯ ಮುಕ್ಕಾಲು ಪಾಲು ಮಕ್ಕಳು ನೇಕಾರರ ಮನೆಯವರು. ಮಗ್ಗದ ಸದ್ದಿನೊಳಗೇ ಕೂತು ಓದುವವರು. ಹಿಂದಿ ಎಂದರೆ ಅವರಿಗೆ ಮೊಬೈಲಿನಲ್ಲಿ ಕೇಳಿಬರುವ ಹಾಡು, ಬಿಟ್ಟರೆ ಕುಮುದಿನಿ ಟೀಚರ್. ಇಂಥ ಮಕ್ಕಳನ್ನು ಹೇಗಾದರೂ ಮಾಡಿ ಪಾಸು ಮಾಡಿಸುವುದೇ ತನ್ನ ಕೆಲಸ ಎಂದು ಅವರು ಬಹಳ ಹಿಂದೆಯೇ ತೀರ್ಮಾನಿಸಿಕೊಂಡಿದ್ದರು, ಮತ್ತು ಪಾಸು ಮಾಡಿಸುತ್ತಲೂ ಬಂದಿದ್ದರು. ಅವರ ಕೈಯಲ್ಲಿ ಹಿಂದಿಯೊಂದರಲ್ಲೇ ನಪಾಸಾದ ಮಕ್ಕಳು ಬೆರಳೆಣಿಕೆಯಷ್ಟು.

ತಪ್ಪು ಬರೆದದ್ದನ್ನು ಹತ್ತು ಸಲ ತಿದ್ದಿ ಬರೆದು ತರಬೇಕು ಎಂಬುದು ಅವರ ತರಗತಿಯ ನಿಯಮ. ಬುಧವಾರ ನಾಲ್ಕನೇ ಪೀರಿಯಡ್ಡಿಗೆ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ನೋಡುತ್ತ ಬಂದ ಕುಮುದಿನಿ, ಗಂಗಾಂಬಿಕಾಳ ಡೆಸ್ಕಿನ ಹತ್ತಿರ ನಿಂತುಬಿಟ್ಟರು. ದುಂಡಗಿನ ಅಕ್ಷರದಲ್ಲಿ ಹತ್ತು ಸಾಲು. ಹತ್ತರಲ್ಲೂ ‘ತ್ರಿಲೋಚನ – ಬಹುವ್ರೀಹಿ.’

“ಇದೇನಿದು?”

“ಹತ್ತ ಸಲ ಬರ್ದೀನ್ರಿ ಅಕ್ಕೋರ.”

“ತಪ್ಪು ಉತ್ತರಾನ ಹತ್ತ ಸಲ ಬರದೀಯಲ್ಲ?”

“ಅದು ತಪ್ಪಲ್ರಿ.” ಗಂಗಾಂಬಿಕಾ ಎದ್ದು ನಿಂತಳು. ಸಣಕಲು ಹುಡುಗಿ. ದನಿಯಲ್ಲಿ ಉದ್ಧಟತನವೇನೂ ಇರಲಿಲ್ಲ, ಲೆಕ್ಕ ಬಿಡಿಸಿ ತೋರಿಸುವವರ ದನಿ. “ಮುಕ್ಕಣ್ಣ ಅಂದ್ರ ಬಹುವ್ರೀಹಿ ಅಂತ ಪಾಂಡುರಂಗ ಸರ್ ಕಲಿಸ್ಯಾರ್ರಿ. ಮೂರು ಕಣ್ಣು ಉಳ್ಳವನು ಆವನೋ ಅವನು, ಶಿವ. ತ್ರಿಲೋಚನ ಅಂದ್ರೂ ಅದ ಅಲ್ರಿ? ಮೂರನೇ ಪೀರಿಯಡ್ಡಿನ್ಯಾಗ ಬಹುವ್ರೀಹಿ ಇದ್ದ ಶಿವಾ ನಾಲ್ಕನೇ ಪೀರಿಯಡ್ಡಿಗೆ ದ್ವಿಗು ಹೆಂಗ ಆದನ್ರಿ?”

ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಕುಮುದಿನಿ ನೋಟ್‌ಬುಕ್ಕನ್ನು ಡೆಸ್ಕಿನ ಮೇಲಿಟ್ಟರು.

“ಕನ್ನಡದ್ದು ಕನ್ನಡದಾಗ ಇಟ್ಟುಕೋ. ಇದು ಹಿಂದಿ. ಸಂಖ್ಯಾ ಮುಂದ ಬಂತಂದ್ರ ದ್ವಿಗು, ಮುಗೀತು.”

“ಶಬ್ದ ಸಂಸ್ಕೃತದ್ದ ಅಲ್ರಿ? ಸಂಸ್ಕೃತದಾಗೂ...”

“ನಲವತ್ತೆರಡು ಮಂದಿಗೆ ತಿಳಿದದ್ದು ನಿನಗೊಬ್ಬಾಕಿಗೆ ಯಾಕ ತಿಳಿಯೂದಿಲ್ಲ?”

ಹುಡುಗಿ ಪೆನ್ನು ತೆಗೆದುಕೊಳ್ಳಲಿಲ್ಲ. ಈಗ ಕೂತು ಹತ್ತು ಸಲ ಬರಿ ಎಂದರೆ ಬರೆಯಲಿಲ್ಲ. ಐದು ಸಲವಾದರೂ ಬರಿ ಎಂದರೂ ಬರೆಯಲಿಲ್ಲ. ಗಂಟೆ ಹೊಡೆಯಿತು. “ನಾಳೆ ಮನ್ಯಾಗಿನವರನ್ನ ಕರಕೊಂಡು ಬಾ” ಎಂದು ಹೇಳಿ ಕುಮುದಿನಿ ಹೊರಗೆ ನಡೆದರು.

ಶಿಕ್ಷಕರ ಕೋಣೆಯಲ್ಲಿ ಪಾಂಡುರಂಗ ಚಹಾ ಕುಡಿಯುತ್ತ ಕೂತಿದ್ದರು. ಕನ್ನಡವನ್ನೂ, ಬೇಕೆಂದವರಿಗೆ ಸಂಸ್ಕೃತವನ್ನೂ ಕಲಿಸುವವರು. ಕುಮುದಿನಿ ಹೇಳಿದ್ದನ್ನೆಲ್ಲ ಕೇಳಿ ಲೋಟ ಕೆಳಗಿಟ್ಟರು.

“ಹುಡುಗಿ ಹೇಳಿದ್ದು ಖರೇನ ಅದ ಅಲ್ರೀ ಟೀಚರ್.”

“ಖರೆ ಅದ ಅಂತ ನನಗೂ ಗೊತ್ತದ, ಪಾಂಡುರಂಗರಾವ್. ನಾನೂ ಎಂ.ಎ. ಮಾಡೀನಿ.”

“ಮತ್ತ?”

“ಮತ್ತ ಏನು? ನಿಮ್ಮ ಆ ಪ್ರೀತಿ ಇದ್ದಾಳಲ್ಲ, ಕಡೀ ಬೆಂಚಿನಾಕಿ, ಆಕಿಗೆ ತಿಳಿಸಿ ಹೇಳ್ರಿ ನೋಡೋಣು. ಇಷ್ಟು ಇದ್ದದ್ದರ ಗುಂಪು ಅಂದ್ರ ದ್ವಿಗು, ಇಷ್ಟು ಇದ್ದಾಂವ ಯಾವನೋ ಒಬ್ಬ ಹೊರಗಿನಾಂವ ಅಂದ್ರ ಬಹುವ್ರೀಹಿ ಅಂತ. ತ್ರಿಭುವನ ದ್ವಿಗು, ತ್ರಿಲೋಚನ ಬಹುವ್ರೀಹಿ ಅಂತ. ಆಕಿ ತಿಳಕೊಂಡಳಂದ್ರ ನಾ ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಮಾರ್ಕಿನ ಪ್ರಶ್ನೆ. ಸಂಖ್ಯಾ ಕಂಡರ ದ್ವಿಗು ಅಂತ ಹೇಳಿಬಿಟ್ಟರ ಹತ್ತರಾಗ ಎಂಟು ಸಲ ಆ ಮಕ್ಕಳಿಗೆ ಮಾರ್ಕು ಬರ್ತದ.”

“ಉಳಿದ ಎರಡು ಸಲ?”

ಅಷ್ಟರಲ್ಲಿ ಹೆಡ್‌ಮಾಸ್ತರ ಮಹಾಲಿಂಗಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು. “ಏನ್ರಿ ಅದು, ಹತ್ತನೇತ್ತಾದಾಗ ಗದ್ದಲ?” ಎಂದು ಕೇಳಿ, ಅರ್ಧ ಕೇಳಿಸಿಕೊಂಡು, “ಒಂದ್ ಮಾರ್ಕ ತಗದ ಒಗೀರಿ ಟೀಚರ್, ಇಲ್ಲಾ ಕೊಟ್ಟ ಬಿಡ್ರಿ. ಒಟ್ಟಿನ್ಯಾಗ ಮುಗಸ್ರಿ” ಎಂದು ಹೊರಟುಹೋದರು. ಸಮಸ್ಯೆ ಯಾವುದೇ ಇರಲಿ, ಒಟ್ಟಿನಲ್ಲಿ ಮುಗಿಸಿರಿ ಎನ್ನುವುದು ಅವರ ಮಾತು.

ಗುರುವಾರ ಬಂದದ್ದು ಅಪ್ಪನಲ್ಲ, ಅವ್ವನಲ್ಲ, ಅಜ್ಜಿ ಶಂಕ್ರೆವ್ವ. ವರಾಂಡದ ಬೆಂಚಿನ ಮೇಲೆ ಕೂತು ಸೆರಗಿಗೆ ಹತ್ತಿದ್ದ ನೂಲಿನ ಎಳೆಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಿದ್ದಳು.

“ಮಗಾ ಮಗ್ಗ ಬಿಟ್ಟ ಬರಾಂಗಿಲ್ರಿ, ಸೊಸಿ ನೂಲಿನ ಕಂಡಿಕಿ ಸುತ್ತಾಕತ್ತಾಳ. ನಾ ಬಂದೀನಿ. ಏನ್ ತಪ್ಪ ಮಾಡ್ಯಾಳ್ರಿ ನಮ್ಮ ಹುಡುಗಿ?”

“ಹೇಳಿದ ಮಾತು ಕೇಳೂದಿಲ್ಲ ನೋಡವ್ವ.”

“ಯಾವ ಮಾತ್ರಿ?”

ಮಾತು ಇಲ್ಲಿಗೇ ಮುಗಿಯುತ್ತದೆ ಎಂದು ಕುಮುದಿನಿ ಅಂದುಕೊಂಡಿದ್ದರು. ಸಾಲೆಯ ಮೆಟ್ಟಿಲು ಹತ್ತದ ಮುದುಕಿಗೆ ಸಮಾಸವನ್ನು ಹೇಗೆ ಹೇಳುವುದು? ಆದರೂ ಹೇಳಿದರು. ಒಂದು ಮಾತು ಇದೆ, ಅದಕ್ಕೆ ಮೂರು ಕಣ್ಣು ಎಂಬ ಅರ್ಥ, ಅದಕ್ಕೊಂದು ಹೆಸರು ಕೊಡಬೇಕು, ನಿಮ್ಮ ಹುಡುಗಿ ಬೇರೆ ಹೆಸರು ಕೊಟ್ಟಿದ್ದಾಳೆ. ಹೇಳುತ್ತ ಹೇಳುತ್ತ ಅವರಿಗೇ ತಮ್ಮ ಮಾತು ಸಪ್ಪೆ ಎನಿಸಿತು.

ಶಂಕ್ರೆವ್ವ ಗಮನವಿಟ್ಟು ಕೇಳಿದಳು. “ನಾ ಸಾಲಿ ಕಲ್ತಾಕಿ ಅಲ್ರಿ. ಮುಂಜಾನೆದ್ದ ಮುಕ್ಕಣ್ಣಾ ಅಂತ ಕೈ ಮುಗೀತೀನಿ. ಮೂರ ಕಣ್ಣಿಗೆ ಕೈ ಮುಗಿಯೂದಿಲ್ರಿ. ಆ ಕಣ್ಣ ಇದ್ದಾಂವಗ ಮುಗೀತೀನಿ. ಹುಡುಗಿನೂ ಅದನ್ನ ಬರ್ದಾಳೋ, ಬ್ಯಾರೆ ಏನರ ಬರ್ದಾಳೋ?”

“ಅದನ್ನ ಬರದಾಳ.”

“ಮತ್ತ ತಪ್ಪೇನೈತ್ರಿ?”

ಕುಮುದಿನಿ ವರಾಂಡದ ಕಂಬವನ್ನು ನೋಡಿದರು.

“ನಿನ್ನಿ ಸಂಜಿಯಿಂದ ಪುಸ್ತಕ ಮುಟ್ಟಿಲ್ರಿ ಆಕಿ” ಎಂದಳು ಶಂಕ್ರೆವ್ವ. “‘ಖರೆ ಬರದ್ರೂ ತಪ್ಪ ಅಂತಾರ, ತಪ್ಪ ಬರದವರಿಗೆಲ್ಲಾ ಸರಿ ಅಂತಾರ, ಇನ್ನ ನಾ ಯಾಕ ಓದ್ಲಿ ಆಯಿ?’ ಅಂತಾಳ. ನನಗ ಉತ್ತರ ಬರಲಿಲ್ಲ. ಅದನ್ನ ನಿಮ್ಮನ್ನ ಕೇಳಬೇಕಂತ ಬಂದೆ.”

ಬೈದಿದ್ದರೆ ಕುಮುದಿನಿ ತಿರುಗಿ ನಾಲ್ಕು ಮಾತಾಡಬಹುದಿತ್ತು. ಮುದುಕಿ ಬೈಯಲಿಲ್ಲ. ಉತ್ತರ ಸಿಗುತ್ತದೇನೋ ಎಂದು ಇನ್ನಷ್ಟು ಹೊತ್ತು ಕೂತಿದ್ದು, “ಹುಡುಗಿ ಸಣ್ಣದೈತ್ರಿ, ನೋಡ್ರಿ ಸ್ವಲ್ಪ” ಎಂದು ಎದ್ದು ಹೋದಳು.

ಅಂದೇ ಮಧ್ಯಾಹ್ನ ಕುಮುದಿನಿ ಗೌರೀಶನಿಗೆ ಫೋನು ಮಾಡಿದರು. ತ್ರಿಲೋಚನದ ಉತ್ತರ ತಪ್ಪಾಗಿದೆ, ಸೂಚಿಯನ್ನು ತಿದ್ದಿ ಕಳಿಸು ಎಂದರು. “ನೋಡೂಣ್ರಿ ಟೀಚರ್” ಎಂದ. ಸಂಜೆ ಮತ್ತೆ ಮಾಡಿದರು. “ನೋಡೂಣ್ರಿ.” ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉದ್ದನೆಯ ಸಂದೇಶ ಬರೆದು ಹಾಕಿದರು: ತ್ರಿಲೋಚನ, ದಶಾನನ, ಚತುರ್ಭುಜ ಇವೆಲ್ಲ ಬಹುವ್ರೀಹಿ, ದಯವಿಟ್ಟು ಗಮನಿಸಿ. ಅದಕ್ಕೆ ಮೊದಲು ಬಂದ ಪ್ರತಿಕ್ರಿಯೆ ಒಂದು ಹೆಬ್ಬೆರಳು. ಎರಡನೆಯದು ಕೈಮುಗಿದ ಚಿತ್ರ. ಮೂರನೆಯದು ಮರುದಿನ ಬೆಳಿಗ್ಗೆ ಗುಲಾಬಿ ಹೂವಿನೊಂದಿಗೆ ಬಂದ ಶುಭೋದಯ. ಅದರ ಕೆಳಗೆ ಹನ್ನೆರಡು ಜನ ಶುಭೋದಯ ಹೇಳಿದರು. ಕುಮುದಿನಿಯ ಸಂದೇಶ ಮೇಲೆ ಮೇಲೆ ಹೋಗಿ ಕಣ್ಣಿಗೆ ಕಾಣದಾಯಿತು. ಶುಕ್ರವಾರ ಗೌರೀಶನಿಗೆ ಇನ್ನೆರಡು ಸಲ ಫೋನು ಮಾಡಿದರು. ಎರಡು ಸಲವೂ “ನೋಡೂಣ್ರಿ.”

ಶನಿವಾರ ಸಾಲೆ ಮಧ್ಯಾಹ್ನದೊಳಗೆ ಬಿಟ್ಟಿತು. ಕುಮುದಿನಿ ಜಮಖಂಡಿಯ ಬಸ್ಸು ಹತ್ತದೆ ಮಹಾಲಿಂಗಪುರದ ಬಸ್ಸು ಹತ್ತಿದರು. ಕಬ್ಬಿನ ಹಂಗಾಮು. ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಇರುವೆಯಂತೆ ತೆವಳುವ ಬಸ್ಸು. ಮಹಾಲಿಂಗಪುರದಲ್ಲಿ ಇಳಿಯುವಷ್ಟರಲ್ಲಿ ಮುಧೋಳದ ಬಸ್ಸು ಹೋಗಿಯಾಗಿತ್ತು. ಮುಂದಿನದು ಎಷ್ಟಕ್ಕೆ ಎಂದು ಕೇಳಿದರೆ ಒಬ್ಬ ಹತ್ತು ನಿಮಿಷ ಎಂದ, ಇನ್ನೊಬ್ಬ ಒಂದು ತಾಸು ಎಂದ. ಬಂದದ್ದು ಐವತ್ತು ನಿಮಿಷಕ್ಕೆ, ಅದರಲ್ಲೂ ನಿಂತೇ ಹೋಗಬೇಕಾಯಿತು. ಒಂದು ಅಂಕಕ್ಕೆ ಹೀಗೆ ಊರೂರು ಅಲೆಯುವವರು ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು ಎಂದು ಅವರು ತಮ್ಮನ್ನೇ ಬೈದುಕೊಂಡರು. ಗೌರೀಶನನ್ನು ಬೈಯಬೇಕಾದ ಮಾತುಗಳನ್ನೂ ಜೋಡಿಸಿಕೊಂಡರು. ಬೀಳಗಿಯಲ್ಲಿ ಅವನು ಅವರ ಕೈಕೆಳಗೇ ಕಲಿತವನು, ಬೈಯುವುದಕ್ಕೆ ಹಕ್ಕಿತ್ತು.

ಮುಧೋಳದಲ್ಲಿ ಬಾಗಿಲು ತೆರೆದ ಗೌರೀಶ ಕುಮುದಿನಿಯನ್ನು ನೋಡಿ ಬೆರಗಾದ, ಬಗ್ಗಿ ಕಾಲು ಮುಟ್ಟಿದ, ಹೆಂಡತಿಯನ್ನು ಕರೆದು “ನಮ್ಮ ಹಿಂದಿ ಟೀಚರ್ ಬಂದಾರ” ಎಂದು ಚಹಾಕ್ಕೆ ಹೇಳಿದ. ಜೋಡಿಸಿಕೊಂಡು ಬಂದ ಬೈಗುಳದ ಅರ್ಧ ಅಲ್ಲಿಗೇ ವ್ಯರ್ಥವಾಯಿತು.

“ಒಂದ್ ಮಾರ್ಕಿಗೆ ಮುಧೋಳ ತನಕ ಬರೂದೇನಿತ್ರಿ ಟೀಚರ್?”

“ಫೋನಿನ್ಯಾಗ ನಾಕು ಸಲ ಹೇಳಿದೆ. ನಾಕು ಸಲಾನೂ ನೋಡೂಣ್ರಿ ಅಂದಿ. ಏನು ನೋಡಿದಿ? ತ್ರಿಲೋಚನ ದ್ವಿಗು ಅಂತ ಯಾವ ಪುಸ್ತಕದಾಗ ಅದ, ತೋರಸು.”

ಗೌರೀಶ ಕತ್ತು ತುರಿಸಿಕೊಂಡ. “ಪುಸ್ತಕದಾಗ ಇಲ್ರಿ.”

“ಮತ್ತ ಎಲ್ಲಿಂದ ತಂದಿ?”

ಕುಮುದಿನಿ ಇನ್ನೊಮ್ಮೆ ಕೇಳಿದ ಮೇಲೆ ಅವನು ಒಳಗೆ ಹೋಗಿ ಒಂದು ಫೈಲು ತಂದು, ಅದರಿಂದ ಒಂದು ಹಾಳೆ ತೆಗೆದು ಅವರ ಮುಂದಿಟ್ಟ. ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸು. ಅಕ್ಷರಗಳು ಉಬ್ಬಿಕೊಂಡು, ಅಂಚುಗಳು ಕಪ್ಪಾಗಿ, ಮಡಿಕೆ ಬಿದ್ದಲ್ಲಿ ಒಂದು ಸಾಲು ಅಳಿಸಿಹೋಗಿತ್ತು. ತಲೆಬರಹ ‘ಸಮಾಸಕ್ಕೆ ಸುಲಭ ಉಪಾಯ.’ ನಾಲ್ಕನೆಯ ಸಾಲಿನಲ್ಲಿ: ‘ಮೊದಲ ಪದ ಸಂಖ್ಯೆ ಇದ್ದರೆ ಕಣ್ಣು ಮುಚ್ಚಿ ದ್ವಿಗು ಬರೆಯಿರಿ. ವಿಚಾರ ಮಾಡುತ್ತ ಕೂಡ್ರಬೇಡಿರಿ.’ ಕೆಳಗೆ ಉದಾಹರಣೆಗಳು: ತ್ರಿಭುವನ, ಚೌರಾಹಾ, ಪಂಚವಟಿ, ತ್ರಿಲೋಚನ, ದಶಾನನ.

ಮೂರು ಲೋಕ, ನಾಲ್ಕು ದಾರಿ, ಐದು ಆಲದ ಮರ ಇವುಗಳ ಸಾಲಿನಲ್ಲೇ ಶಿವನನ್ನೂ ರಾವಣನನ್ನೂ ಕೂರಿಸಿದ ಆ ಕೈಬರಹ ಕುಮುದಿನಿಯದೇ.

“ಬೀಳಗ್ಯಾಗ ನಮಗ ಕೊಟ್ಟಿದ್ರಿ” ಎಂದ ಗೌರೀಶ ಮೆಲ್ಲಗೆ. “ಈಗ ನಾಕೂ ತಾಲೂಕಿನ್ಯಾಗ ಎಲ್ಲಾ ಸಾಲ್ಯಾಗೂ ಐತ್ರಿ ಇದು. ತೇರದಾಳದಾಗ ಝೆರಾಕ್ಸ್ ಅಂಗಡಿಗೆ ಹೋಗಿ ಹಿಂದಿ ಸಮಾಸ ಕೊಡ್ರಿ ಅಂದ್ರ ಇದನ್ನ ಕೊಡ್ತಾರ. ನಿಮ್ಮ ಹೆಸರ ಹೇಳಬಾರ್ದು ಅಂತ ಫೋನಿನ್ಯಾಗ ಸುಮ್ನಿದ್ದೆ.”

ಕುಮುದಿನಿ ಹಾಳೆಯನ್ನು ಕೈಗೆ ತೆಗೆದುಕೊಂಡರು. ಚಹಾ ಬಂತು. ಆರಿತು.

“ನೀನೂ ಹಿಂದಿ ಎಂ.ಎ. ಮಾಡೀಯಲ್ಲೋ. ಒಂದು ಸಲ ಅನುಮಾನ ಬರಲಿಲ್ಲೇನು? ನನ್ನನ್ನ ಒಂದು ಮಾತು ಕೇಳಬೇಕಿತ್ತು.”

“ಕೇಳಿದ್ದೆರಿ.”

“ಯಾವಾಗ?”

“ಹತ್ತನೇತ್ತಾ ಇದ್ದಾಗ. ದಶಾನನ ಅಂದ್ರ ಹತ್ತ ಮುಖ ಅಲ್ಲ, ರಾವಣ ಅಲ್ಲೇನ್ರಿ ಅಂತ ಎದ್ದ ನಿಂತ ಕೇಳಿದ್ದೆ. ಹೆಚ್ಚಿಗಿ ಶಾಣ್ಯಾ ಆಗಬ್ಯಾಡ, ಸುಮ್ನ ಕೂಡ ಅಂದ್ರಿ.” ಅವನ ದನಿಯಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ಹೇಳುತ್ತಿದ್ದ. “ಕೂತೆ. ಆಮ್ಯಾಲ ಕಾಲೇಜಿನ್ಯಾಗ ಓದೀನ್ರಿ, ಬಹುವ್ರೀಹಿ ಅಂತ ಗೊತ್ತೂ ಐತಿ. ಆದ್ರ ಪ್ರಶ್ನಿ ಬರಿಯಾಕ ಕೂತಾಗ ಕೈಗೆ ಬರೂದು ಮಾತ್ರ ನಿಮ್ಮ ಆ ಸಾಲು ನೋಡ್ರಿ.”

ಆ ದಿನ ಬೀಳಗಿಯ ತರಗತಿಯಲ್ಲಿ ಎದ್ದು ನಿಂತ ಹುಡುಗನ ಮುಖವನ್ನು ನೆನಪಿಸಿಕೊಳ್ಳಲು ಕುಮುದಿನಿ ಪ್ರಯತ್ನಿಸಿದರು. ನೆನಪಾಗಲಿಲ್ಲ. ಅದು ಅವರಿಗೆ ಹೆಚ್ಚು ನೋವು ಕೊಟ್ಟಿತು. ಇವನೊಬ್ಬನೇ, ಗಂಗಾಂಬಿಕಾ ಒಬ್ಬಳೇ? ನಡುವಿನ ವರ್ಷಗಳಲ್ಲಿ ಇನ್ನೆಷ್ಟು ಮಂದಿಗೆ ಸುಮ್ಮನೆ ಕೂಡು ಎಂದಿದ್ದೆನೋ.

“ಫೋನು ತಗಿ” ಎಂದರು. “ಬಳಗದ ಗುಂಪಿನ್ಯಾಗ ಬರಿ. ತ್ರಿಲೋಚನ ಬಹುವ್ರೀಹಿ. ಉತ್ತರಸೂಚಿ ತಪ್ಪದ. ತಪ್ಪಿನ ಮೂಲ ಕುಮುದಿನಿ ಟೀಚರ್ ಕೊಟ್ಟ ಹಳೇ ನೋಟ್ಸು. ಎಲ್ಲಾರೂ ಅದನ್ನ ಹರದು ಒಗೀಬೇಕು.”

“ನಿಮ್ಮ ಹೆಸರು ಬ್ಯಾಡ್ರಿ ಟೀಚರ್.”

“ಬರಿ ಅಂದ್ರ ಬರಿ. ನೋಡೂಣ್ರಿ ಅಂದಿ ಅಂದ್ರ ನೋಡು ಮತ್ತ.”

ಗೌರೀಶ ಬರೆದ. ಈ ಸಲ ಹೆಬ್ಬೆರಳು ಬರಲಿಲ್ಲ. ಕುಮುದಿನಿ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಗುಂಪಿನಲ್ಲಿ ಅರವತ್ತು ಸಂದೇಶಗಳು. ಒಬ್ಬರು ನೋಟ್ಸು ತಪ್ಪಾಗಿರಲು ಸಾಧ್ಯವೇ ಇಲ್ಲ, ಇಪ್ಪತ್ತು ವರ್ಷದಿಂದ ಇದರಿಂದಲೇ ಪಾಸು ಮಾಡಿಸಿದ್ದೇವೆ ಎಂದರು. ಒಬ್ಬರು ಎಲ್ಲ ಪತ್ರಿಕೆಗಳ ಮೌಲ್ಯಮಾಪನ ಮುಗಿದಿದೆ, ಈಗ ತಿದ್ದಿರಿ ಎಂದರೆ ಹೇಗೆ ಎಂದರು. ಬೀಳಗಿಯ ಒಬ್ಬರು, ಹಾಗಾದರೆ ತಿರಂಗಾ ಯಾವುದು ಎಂದು ಕೇಳಿದರು.

ಭಾನುವಾರ ಸಂಜೆ ಮೊಬೈಲಿನಲ್ಲೇ ಸಭೆ ಸೇರಿತು. ಮೂವತ್ತೇಳು ಜನ. ಯಾರದೋ ಮನೆಯ ಕುಕ್ಕರು ಮೂರು ಸಲ ಕೂಗಿತು, ಯಾರದೋ ಟಿ.ವಿ. ಹಾಡುತ್ತಿತ್ತು. ಮೊದಲ ಅರ್ಧ ತಾಸು ತಿರಂಗಾಕ್ಕೇ ಹೋಯಿತು. ಮೂರು ಬಣ್ಣಗಳ ಗುಂಪು ಎಂದು ಅರ್ಧ ಜನ, ಮೂರು ಬಣ್ಣವುಳ್ಳ ಧ್ವಜ ಎಂದು ಉಳಿದರ್ಧ. ಎರಡಕ್ಕೂ ಪುಸ್ತಕದ ಆಧಾರ ಸಿಕ್ಕಿತು. ಕುಮುದಿನಿ, “ತಿರಂಗಾ ಪ್ರಶ್ನೆಪತ್ರಿಕಾದಾಗ ಇಲ್ಲರೀ, ತ್ರಿಲೋಚನದ ಮಾತಾಡ್ರಿ” ಎಂದು ನಾಲ್ಕು ಸಲ ಕೂಗಿಕೊಂಡರು. ಕೊನೆಗೆ ಹಿರಿಯರಾದ ಬಾಳಾಸಾಹೇಬ ಎಂಬವರು ತೀರ್ಪು ಹೇಳಿದರು. ಗೊಂದಲವಾಗಿರುವುದರಿಂದ ಆ ಪ್ರಶ್ನೆಗೆ ಏನೇ ಬರೆದಿರಲಿ, ಎಲ್ಲರಿಗೂ ಒಂದು ಅಂಕ.

“ಏನೇ ಬರದಿರ್ಲಿ ಅಂದ್ರ? ತಪ್ಪು ಬರದವರಿಗೂ?”

“ಹಾಂ ರೀ. ಯಾರಿಗೂ ಬ್ಯಾಸರಿಲ್ಲ, ಎಲ್ಲಾರಿಗೂ ಸಂತೋಷ.”

“ನನಗ ಬ್ಯಾಸರದ” ಎಂದರು ಕುಮುದಿನಿ. ಆದರೆ ಅಷ್ಟರಲ್ಲಿ ಒಬ್ಬೊಬ್ಬರಾಗಿ ವಂದನೆ ಹೇಳಿ ಪರದೆಯಿಂದ ಮರೆಯಾಗುತ್ತಿದ್ದರು.

ಸೋಮವಾರ ಎಲ್ಲರಿಗೂ ಒಂದು ಅಂಕ ಎಂದು ಕೇಳಿ ತರಗತಿ ಚಪ್ಪಾಳೆ ತಟ್ಟಿತು. ಗಂಗಾಂಬಿಕಾ ತಟ್ಟಲಿಲ್ಲ.

“ಅಕ್ಕೋರ, ಎಲ್ಲಾರಿಗೂ ಕೊಟ್ರ ನಂದು ಸರಿ ಐತಂತ ಹೆಂಗ ಗೊತ್ತಾಗ್ತೈತ್ರಿ?”

ತಾನು ಸಭೆಯಲ್ಲಿ ಕೇಳಬೇಕಿದ್ದ ಮಾತು ಇದೇ ಎಂದು ಕುಮುದಿನಿಗೆ ಅನಿಸಿತು. “ನಿನ್ನ ಉತ್ತರಪತ್ರಿಕಾ ಕೊಡು” ಎಂದರು. ಅಲ್ಲೇ ಡೆಸ್ಕಿನ ಮೇಲೆ ಬಗ್ಗಿ, ತಾವೇ ಹಾಕಿದ್ದ ಕೆಂಪು ಗುರುತನ್ನು ಹೊಡೆದು ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದರು: ‘ಉತ್ತರ ಸರಿ ಇದೆ. ತಪ್ಪು ಕಲಿಸಿದ್ದು ನಾನು.’ ಸಹಿ ಮಾಡಿ ತಾರೀಖು ಹಾಕಿದರು. ಆಮೇಲೆ ಅದನ್ನೇ ಎಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಓದಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ತರಗತಿಯ ಮುಂದೆ ನಿಂತು ಅವರು ಇಂಥ ಮಾತು ಹೇಳಿರಲಿಲ್ಲ.

ಗಂಗಾಂಬಿಕಾ ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿದಳು. “ಇದನ್ನ ಆಯಿಗೆ ಓದಿ ಹೇಳಲ್ರಿ?”

“ಹೇಳು. ಆಕಿ ಕೇಳಿದ್ದಕ್ಕ ಉತ್ತರ ಇದು ಅಂತ ಹೇಳು.”

ಹುಡುಗಿ ಹಾಳೆಯನ್ನು ಮಡಚದೆ ಪುಸ್ತಕದ ನಡುವೆ ಇಟ್ಟುಕೊಂಡಳು.

ಅಲ್ಲಿಂದ ಶುರುವಾಯಿತು ನಿಜವಾದ ತಾಪತ್ರಯ. ಕುಮುದಿನಿ ಬೋರ್ಡಿನ ಮೇಲೆ ಬರೆದು ಹೇಳಿದರು: “ಸಂಖ್ಯಾ ಕಂಡಕೂಡ್ಲೆ ಬರೀಬ್ಯಾಡ್ರಿ. ಒಂದು ಮಾತು ಕೇಳ್ಕೋರಿ. ಈ ಶಬ್ದ ‘ಎಷ್ಟು’ ಅಂತ ಹೇಳ್ಲಿಕ್ಕತ್ತದೋ, ‘ಯಾರು’ ಅಂತ ಹೇಳ್ಲಿಕ್ಕತ್ತದೋ? ಎಷ್ಟು ಅಂದ್ರ ದ್ವಿಗು. ಯಾರು ಅಂದ್ರ ಬಹುವ್ರೀಹಿ.” ಪಾಠಕ್ಕೆ ಇಟ್ಟುಕೊಂಡಿದ್ದ ಪದ್ಯ ಹಾಗೇ ಉಳಿಯಿತು. ಕಡೆಯ ಬೆಂಚಿನಿಂದ ಪ್ರೀತಿ ಅಳು ದನಿಯಲ್ಲಿ ಎದ್ದಳು.

“ಮೊದಲಿನದ ಛಲೋ ಇತ್ತಲ್ರಿ ಅಕ್ಕೋರ. ಈಗ ನಾ ಹೆಂಗ ಪಾಸ್ ಆಗ್ಲಿ?”

ಸುಮ್ನ ಕೂಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕುಮುದಿನಿ ಅದನ್ನು ಹಿಡಿದುಕೊಂಡರು. “ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಹತ್ತರ ಬಾ” ಎಂದರು.

ಪ್ರೀತಿ ಬಂದಳು. ಮರುದಿನವೂ ಬಂದಳು. ಎರಡು ವಾರ ಬಂದಳು. ಚೌರಾಹಾ ಎಂದರೆ ಯಾರು ಎಂದು ಕೇಳಿದಳು. ದಶಾನನ ಎಂದರೆ ಹತ್ತು ಆನೆಯೇ ಎಂದು ಕೇಳಿದಳು. ಬಹುವ್ರೀಹಿ ಎಂದು ಬರೆಯುವುದರಲ್ಲೇ ಮೂರು ತಪ್ಪು ಮಾಡಿದಳು. ಕುಮುದಿನಿಗೆ ತಲೆ ಸಿಡಿಯುತ್ತಿತ್ತು. ಒಂದು ದಿನ ಗಂಗಾಂಬಿಕಾಳನ್ನು ಕರೆದು, ನೀನಾದರೂ ಹೇಳಿಕೊಡು ಎಂದರು. ಅವಳು ಎರಡು ದಿನ ಹೇಳಿಕೊಟ್ಟು ಮೂರನೆಯ ದಿನ ಬಂದು, “ನನಗ ಸಿಟ್ಟ ಬರ್ತೈತ್ರಿ ಅಕ್ಕೋರ, ಎಷ್ಟ ಹೇಳಿದ್ರೂ ಆಕಿ ತಿಳ್ಕೊಳ್ಳೂದಿಲ್ಲ” ಎಂದಳು.

“ನನಗೂ ಬರ್ತದ” ಎಂದರು ಕುಮುದಿನಿ. “ನೀ ಹೋಗು, ನಾ ನೋಡ್ಕೋತೀನಿ.”

ಫೆಬ್ರುವರಿಯ ಒಂದು ಮಧ್ಯಾಹ್ನ ಐದು ಪದ ಕೊಟ್ಟು ಬರೆಸಿದರು. ತ್ರಿಭುವನ, ಚತುರ್ಭುಜ, ಸಪ್ತಾಹ, ನವರತ್ನ, ದಶಾನನ. ಪ್ರೀತಿ ನಾಲಿಗೆ ಕಚ್ಚಿಕೊಂಡು ಬರೆದಳು. ನೋಡಿದರೆ ತ್ರಿಭುವನ ಸರಿ, ಚತುರ್ಭುಜ ಸರಿ, ದಶಾನನ ಸರಿ. ನವರತ್ನಕ್ಕೆ ಒಂದು ಬರೆದು ಹೊಡೆದು, ಇನ್ನೊಂದು ಬರೆದು ಹೊಡೆದು, ಖಾಲಿ ಬಿಟ್ಟಿದ್ದಳು. ಸಪ್ತಾಹಕ್ಕೆ ಬಹುವ್ರೀಹಿ ಎಂದಿತ್ತು. ಹಳೆಯ ರೀತಿಯಲ್ಲಿ ಬರೆದಿದ್ದರೂ ಐದಕ್ಕೆ ಮೂರು ಸರಿಯಾಗುತ್ತಿದ್ದವು. ಎರಡು ವಾರದ ಊಟದ ಹೊತ್ತು ಹಾಳು ಮಾಡಿಕೊಂಡು ಬಂದದ್ದೂ ಮೂರೇ. ಕುಮುದಿನಿ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು.

“ಸಪ್ತಾಹ ಬಹುವ್ರೀಹಿ ಹೆಂಗ ಆತವ್ವ? ಏಳು ದಿನದ ಗುಂಪು. ವಾರ. ಇದನ್ನ ನಿನ್ನೆ ಹೇಳಿಲ್ಲೇನು?”

“ಹೇಳೀರ್ರಿ. ಆದ್ರ ನಮ್ಮ ಓಣ್ಯಾಗ ಸಪ್ತಾಹ ಅಂದ್ರ ಭಜನೀರಿ. ವಿಠಲನ ಗುಡ್ಯಾಗ ಏಳ ದಿನ ಕೂಡ್ರಸ್ತಾರಲ್ರಿ, ಅದು. ನಾಳಿ ಸಪ್ತಾಹ ಐತಿ ಬರ್ರಿ ಅಂದ್ರ ಎಷ್ಟ ದಿನ ಅಂತ ಯಾರೂ ಎಣಸೂದಿಲ್ರಿ. ಭಜನಿಗಿ ಹೋಗ್ತಾರ. ಅದಕ್ಕ...”

ಪುಸ್ತಕದಲ್ಲಿ ಸಪ್ತಾಹ ದ್ವಿಗು. ಪರೀಕ್ಷೆಯಲ್ಲೂ ದ್ವಿಗು. ಹುಡುಗಿ ಹೇಳುತ್ತಿರುವುದೂ ಸುಳ್ಳಲ್ಲ. ಇದನ್ನು ಬಳಗಕ್ಕೆ ಹಾಕಿದರೆ ಇನ್ನೊಂದು ಭಾನುವಾರ ಹಾಳು. ಕುಮುದಿನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

“ಪರೀಕ್ಷಾದಾಗ ದ್ವಿಗು ಅಂತ ಬರಿ” ಎಂದರು ಕೊನೆಗೆ.

“ಮತ್ತ ಭಜನಿ?”

ಊಟದ ಹೊತ್ತು ಮುಗಿಯಲು ಇನ್ನು ಹತ್ತೇ ನಿಮಿಷವಿತ್ತು. ಕುಮುದಿನಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

“ನಿನ್ನ ಡಬ್ಬಿ ತಗಿ. ಉಣಕೋತ ಹೇಳ್ತೀನಿ.”